ತಂದೆತಾಯಿಗೊಂದು ಪುಟ್ಟ ಗಣಕಯಂತ್ರ: ಖರೀದಿಯೂ ಲೆಕ್ಕವೂ

ನಮ್ಮ ವರ್ತಕ ಕುಟುಂಬಗಳಲ್ಲಿ ಒಂದು ರೂಢಿಯಿದೆ. ಅಂಗಡಿಗೆ ಹೊಸ ಗಣಕಯಂತ್ರ ಬಂದೊಡನೆ ಹಳೆಯದು ಮನೆಗೆ, ವಯಸ್ಸಾದ ತಂದೆತಾಯಿಯ ಕೋಣೆಗೆ ಸಾಗುತ್ತದೆ. ‘ಅವರಿಗೆ ಇಷ್ಟು ಸಾಕು’ ಎಂಬುದು ನಾವು ಹೇಳಿಕೊಳ್ಳುವ ಸಮಾಧಾನ. ಆದರೆ ಠೇವಣಿಯ ನವೀಕರಣ, ಆದಾಯ ತೆರಿಗೆಯ ವಿವರಪಟ್ಟಿ, ವಿದ್ಯುತ್ ಬಿಲ್ಲಿನ ಪಾವತಿ ಇವೆಲ್ಲವೂ ಅದೇ ಯಂತ್ರದಲ್ಲಿ ನಡೆಯುವಾಗ, ಹಿರಿಯರ ಜೀವಮಾನದ ಉಳಿತಾಯ ಅದರ ಭದ್ರತೆಯನ್ನೇ ಅವಲಂಬಿಸಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅಗತ್ಯ; ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅಂಗಡಿಯ ಎಷ್ಟೋ ಹಳೆಯ ಯಂತ್ರಗಳು ಈ ಅರ್ಹತೆಯನ್ನು ಪಡೆದಿಲ್ಲ.

ಅಗತ್ಯವೇನು?

ಸರಕು ತರಿಸುವ ಮುನ್ನ ಪಟ್ಟಿ ಬರೆಯುವ ಪದ್ಧತಿ ಇಲ್ಲಿಯೂ ಒಳ್ಳೆಯದು. ಹಿರಿಯರಿಗೆ ಬೇಕಾದುದು ಬ್ಯಾಂಕಿಂಗ್, ಪತ್ರಿಕೆ, ಹಾಡು ಮತ್ತು ದೂರದ ಮೊಮ್ಮಕ್ಕಳೊಡನೆ ಮುಖಾಮುಖಿ ಮಾತು. ಇಷ್ಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. ಇಂಟೆಲ್ ಎನ್100ರಂತಹ ನಾಲ್ಕು ಕೋರ್‌ಗಳ ಮಿತವ್ಯಯದ ಪ್ರೊಸೆಸರ್, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಸಾಕು. ಇವುಗಳನ್ನು ಅಂಗೈಯಗಲದ ಮಿನಿ ಪಿಸಿಯಲ್ಲಿ ಅಳವಡಿಸಿ ಪರದೆಯ ಹಿಂಬದಿಗೇ ತಗುಲಿಸಬಹುದು. ಮುಂದೆ ದುರಸ್ತಿ ಸುಲಭವಾಗಬೇಕೆನ್ನುವವರು 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡನ್ನು ಆರಿಸಿ, ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಜೋಡಿಸಿಕೊಳ್ಳಬಹುದು.

ಉಳಿಸಿದ ಹಣವನ್ನು ಕಣ್ಣಿಗೂ ಕೈಗೂ ತಾಗುವ ವಸ್ತುಗಳ ಮೇಲೆ ತೊಡಗಿಸಬೇಕು: 24 ಇಂಚಿನ ಪರದೆ, ದೊಡ್ಡ ಅಕ್ಷರಗಳ ಕೀಲಿಮಣೆ, ಸ್ಪಷ್ಟ ಧ್ವನಿಯ ಸ್ಪೀಕರ್, ಒಂದು ಸಣ್ಣ ಯುಪಿಎಸ್. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆಂದು ಬೆರಳಚ್ಚಿನ ಸಾಧನ ಕೊಳ್ಳುವುದು ಅನಿವಾರ್ಯವಲ್ಲ. 2021ರಿಂದ ಆಂಡ್ರಾಯ್ಡ್ ಮೊಬೈಲಿನಲ್ಲಿ ಮುಖಚಹರೆಯ ಮೂಲಕವೂ ಅದನ್ನು ಸಲ್ಲಿಸಬಹುದಾಗಿದೆ.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಹಳೆಯ ಯಂತ್ರ 80 ವಾಟ್, ಹೊಸದು 20 ವಾಟ್ ಬಳಸುವುದೆಂದೂ, ದಿನಕ್ಕೆ 5 ಗಂಟೆ ಚಾಲೂ ಇರುವುದೆಂದೂ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 110 ಯೂನಿಟ್ ಉಳಿಯುತ್ತದೆ.

ಪೇಟೆಯಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಿಡಿಭಾಗಗಳನ್ನು ಕೊಂಡು ಅಲ್ಲಿಯೇ ಜೋಡಿಸಿಕೊಳ್ಳಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದನ್ನು ವರ್ತಕ ಬಾಂಧವರು ಬಲ್ಲರು; ಆದಕಾರಣ ಹಳೆಯ ಕೊಟೇಶನ್ ನಂಬದೆ ಅಂದಿನ ದರವನ್ನೇ ಕೇಳಬೇಕು. ಕಚೇರಿಗಳಿಂದ ಹೊರಬಂದ, ನವೀಕರಿಸಿದ ಮಿನಿ ಪಿಸಿಗಳೂ ದೊರೆಯುತ್ತವೆ. ಅವುಗಳಲ್ಲಿ ಪ್ರೊಸೆಸರಿನ ಪೀಳಿಗೆ, ಎಸ್‌ಎಸ್‌ಡಿಯ ಸ್ಥಿತಿ ಮತ್ತು ವಿಂಡೋಸ್ ಪರವಾನಗಿ ಈ ಮೂರನ್ನೂ ಪರೀಕ್ಷಿಸಿಯೇ ಹಣ ಕೊಡುವುದು ಲೇಸು. ಬಿಡಿಭಾಗಗಳ ಕ್ರಮಸಂಖ್ಯೆ ನಮೂದಾಗಿರುವ ಬಿಲ್ಲನ್ನು ತಪ್ಪದೆ ಪಡೆಯಿರಿ. ಅದಿಲ್ಲದೆ ವಾರಂಟಿಯ ಹಕ್ಕನ್ನು ಸ್ಥಾಪಿಸುವುದು ಕಷ್ಟ.

ಖಾತೆ ಪುಸ್ತಕದಲ್ಲಿ

ಮನೆಯ ಯಂತ್ರದ ಬಿಲ್ಲನ್ನು ಸಂಸ್ಥೆಯ ಹೆಸರಿಗೆ ಬರೆಸಿ ಶೇ. 18ರ ಜಿಎಸ್‌ಟಿಗೆ ಜಮೆ ಪಡೆಯುವ ಆಸೆ ಹಲವರಿಗಿರುತ್ತದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಕಲಮು ವೈಯಕ್ತಿಕ ಬಳಕೆಯ ಮತ್ತು ಉಡುಗೊರೆಯಾಗಿ ಕೊಟ್ಟ ಸರಕುಗಳ ಮೇಲೆ ಆ ಜಮೆಯನ್ನು ನಿರ್ಬಂಧಿಸಿದೆ. ಜಮೆ ಪಡೆದಿದ್ದ ಅಂಗಡಿಯ ಹಳೆಯ ಯಂತ್ರವನ್ನು ಕಾಯಂ ಆಗಿ ಮನೆಗೆ ಸಾಗಿಸಿದರೂ, ಪ್ರತಿಫಲವಿಲ್ಲದಿದ್ದಾಗ್ಯೂ ಅದು 1ನೇ ಅನುಸೂಚಿಯಂತೆ ಪೂರೈಕೆ ಎನಿಸಿಕೊಳ್ಳುತ್ತದೆ. ಆದ್ದರಿಂದ ‘ಹೇಗೂ ಮೂಲೆಯಲ್ಲಿ ಬಿದ್ದಿತ್ತು’ ಎಂದು ಒಯ್ಯುವ ಮುನ್ನ ಲೆಕ್ಕಪರಿಶೋಧಕರಿಗೆ ಒಂದು ಮಾತು ತಿಳಿಸಿ. ಮನೆಯ ಬಳಕೆಯ ಯಂತ್ರಕ್ಕೆ ವ್ಯಾಪಾರದ ಲೆಕ್ಕದಲ್ಲಿ ಸವಕಳಿಯೂ ಸಲ್ಲದು. ಹೊಸ ಯಂತ್ರಕ್ಕೆ ಅಂಗಡಿಯ ಖಾತೆಯಿಂದಲೇ ಹಣ ಹೋಗಿದ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆಯಿರಿ. ಮಕ್ಕಳು ತಂದೆತಾಯಿಗೆ ಕೊಡುವ ಉಡುಗೊರೆಗೆ, ಅದರ ಮೊತ್ತ ಎಷ್ಟೇ ಇರಲಿ, ಅವರು ಆದಾಯ ತೆರಿಗೆ ತೆರಬೇಕಿಲ್ಲ. ಹೀಗಿರುವಾಗ ಬಿಲ್ಲು ಅವರ ಹೆಸರಿನಲ್ಲಿರುವುದೇ ಸರಿಯಾದ ಮಾರ್ಗ.

ಒಪ್ಪಿಸುವ ಮುನ್ನ

ಯಂತ್ರವನ್ನು ಕೊಂಡಷ್ಟೇ ಮುತುವರ್ಜಿಯಿಂದ ಅದನ್ನು ಸಜ್ಜುಗೊಳಿಸಬೇಕು. ದಿನನಿತ್ಯದ ಬಳಕೆಗೆ ಸಾಮಾನ್ಯ ಬಳಕೆದಾರರ ಖಾತೆ ತೆರೆದು, ಆಡಳಿತದ ಖಾತೆಯನ್ನು ಪ್ರತ್ಯೇಕವಾಗಿಡಿ. ಅಕ್ಷರಗಳನ್ನು ದೊಡ್ಡದು ಮಾಡಿ. ಕನ್ನಡ ಕೀಲಿಮಣೆ ವಿಂಡೋಸ್‌ನಲ್ಲಿಯೇ ಅಡಕವಾಗಿದೆ. ‘ನುಡಿ’ಯ ವಿನ್ಯಾಸಕ್ಕೆ ಒಗ್ಗಿದವರಿಗೆ ಅದನ್ನೇ ಹಾಕಿಸಿಕೊಡಿ. ಬ್ಯಾಂಕಿನಲ್ಲಿ ಹಣ ವರ್ಗಾವಣೆಯ ಮಿತಿಯನ್ನು ಅವರ ಅಗತ್ಯಕ್ಕೆ ತಕ್ಕಷ್ಟೇ ಇರಿಸಲು ಸಲಹೆ ನೀಡಿ. ಪೊಲೀಸರೆಂದೋ ಬ್ಯಾಂಕಿನವರೆಂದೋ ಹೇಳಿಕೊಂಡು ಕರೆ ಮಾಡಿದ ಅಪರಿಚಿತರ ಮಾತಿಗೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳಬಾರದೆಂದು ಮನದಟ್ಟು ಮಾಡಿ. ವಂಚನೆಯ ದೂರಿಗೆ ಮೀಸಲಾದ 1930 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ.

ಕಡೆಯದಾಗಿ, ಗುಪ್ತಪದಗಳನ್ನು ಅವರೇ ಆರಿಸಿಕೊಳ್ಳಲಿ, ಪಾವತಿಗಳನ್ನು ಅವರೇ ಮಾಡಲಿ. ದಶಕಗಳ ಕಾಲ ಅಂಗಡಿಯ ರೋಕಡ ಪುಸ್ತಕ ಬರೆದ ಕೈಗಳಿಗೆ ಸ್ವಂತ ಹಣದ ಲೆಕ್ಕ ಸ್ವಂತ ಹಿಡಿತದಲ್ಲಿರುವುದೇ ದೊಡ್ಡ ಗೌರವ. ಮಕ್ಕಳು ತಿಂಗಳಿಗೊಮ್ಮೆ ಪಕ್ಕದಲ್ಲಿ ಕುಳಿತು ಯಂತ್ರವನ್ನು ಪರಿಶೀಲಿಸಿದರೆ ಸಾಕು.