ಲೈಟು ಬಾವಿಗೆ ಹಿಡಿಯಿರಿ

ನವರಾತ್ರಿ ಕಳೆದ ವಾರ, ಬೆಳಗ್ಗೆ ಏಳೂವರೆ. ಉಡುಪಿಯ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ರಾತ್ರಿಯ ಮಳೆನೀರು ಇನ್ನೂ ಇಂಗಿಲ್ಲ. ಪರೇಡ್ ಮುಗಿಸಿದ ಖಾಕಿಯವರು ಕೆಂಪು ವಾಹನದ ಶಟರ್ ಎತ್ತಿ ಒಂದೊಂದೇ ಸಾಮಾನು ಮುಟ್ಟಿ ನೋಡುತ್ತಿದ್ದಾರೆ. ಹಗ್ಗ, ಕೊಕ್ಕೆ, ಏಣಿ, ಕ್ಯಾನ್ವಾಸ್ ಪೈಪಿನ ಸುರುಳಿ, ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರ್. ಗೇಟಿನ ಹತ್ತಿರ ಮಣಿಪಾಲದಿಂದ ಬಂದ ನಾಲ್ವರು ವಿದ್ಯಾರ್ಥಿಗಳು ಟ್ರೈಪಾಡ್ ಬಿಚ್ಚುತ್ತಿದ್ದಾರೆ. ತುರ್ತು ಸೇವೆಯವರ ಬಗ್ಗೆ ಹತ್ತು ನಿಮಿಷದ ವಿಡಿಯೊ, ಕೋರ್ಸಿನ ಪ್ರಾಜೆಕ್ಟ್. ಒಬ್ಬಳು ಕಾರ್ಕಳದವಳು. ಉಳಿದ ಮೂವರು ದೂರದೂರಿನವರು, ತುಳು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ದಾರಿ ತೋರಿಸಲು ಜೊತೆಗೆ ಹೋದವನು ನಾನು.

ಮಕ್ಕಳ ತಲೆಯಲ್ಲಿ ಒಂದು ಚಿತ್ರ ಮೊದಲೇ ಕೂತಿತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತಲ್ಲ, ಆಗ ಮಲ್ಪೆಯ ಮುಳುಗುತಜ್ಞ ಈಶ್ವರ್ ಮಲ್ಪೆ ಗಂಗಾವಳಿ ನದಿಯ ಕೆಸರುನೀರಿಗೆ ಮತ್ತೆ ಮತ್ತೆ ಇಳಿದದ್ದನ್ನು ಇಡೀ ಕರಾವಳಿ ಟಿವಿಯಲ್ಲಿ ಉಸಿರು ಹಿಡಿದು ನೋಡಿತ್ತು. ಅಂಥದ್ದೇ ಏನಾದರೂ ತಮ್ಮ ಕ್ಯಾಮೆರಾಗೂ ಸಿಗಬೇಕು ಎಂದು ಅವರ ಆಸೆ. ಠಾಣೆಯ ಹಿರಿಯರು ಕೇಳಿ ಸುಮ್ಮನೆ ತಲೆಯಾಡಿಸಿ, ಅವರನ್ನು ವಾಚ್ ರೂಮಿಗೆ ಕರೆದುಕೊಂಡು ಹೋದರು. ಒಂದು ಟೆಲಿಫೋನು, ಒಂದು ದಪ್ಪ ರಿಜಿಸ್ಟರು, ಹೊರಗೆ ಗಂಟೆ. ಗಂಟೆ ಹೊಡೆದರೆ ಊಟದ ತಟ್ಟೆ ಅಲ್ಲೇ ಬಿಟ್ಟು ಓಡಬೇಕು. ಏಪ್ರಿಲ್ 14 ಯಾಕೆ ತಮಗೆ ದೊಡ್ಡ ದಿನ ಎಂಬುದನ್ನೂ ಅವರೇ ಹೇಳಿದರು. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಹತ್ತಿ, ಸ್ಫೋಟಕ ಒಟ್ಟಿಗೇ ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಹೋದವರಲ್ಲಿ 66 ಮಂದಿ ಮರಳಲಿಲ್ಲ. ಹೇಳುವಾಗ ಅವರ ಕೈ ಹಗ್ಗದ ಗಂಟೊಂದನ್ನು ಬಿಗಿಮಾಡುತ್ತಲೇ ಇತ್ತು. ಕಾರ್ಕಳದ ಹುಡುಗಿ ಮುಖ ಬಿಟ್ಟು ಆ ಕೈಯನ್ನೇ ಚಿತ್ರಿಸಿದಳು. ಅಲ್ಲಿಂದ ಮುಂದೆ ಅವರ ವಿಡಿಯೊದ ದಾರಿಯೇ ಬೇರೆಯಾಯಿತು.

ಮಣಿಪಾಲದಲ್ಲಿ ಅವರಿಗೆ ಸಿಕ್ಕಿದ್ದು 108ರ ವಾಹನ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ ಈ ಸೇವೆಯಲ್ಲಿ ಚಾಲಕನಿಗೆ ‘ಪೈಲಟ್’ ಎಂದೇ ಹೆಸರು. ಕರೆ ಹೋಗುವುದು ಬೆಂಗಳೂರಿಗೆ, ರೋಗಿ ಇರುವುದು ಇಲ್ಲಿಯ ಯಾವುದೋ ತೋಟದ ನಡುವೆ. ನಮ್ಮ ಕಡೆ ಹಳ್ಳಿ ಎಂದರೆ ಸಾಲುಮನೆಗಳಲ್ಲ, ಗದ್ದೆಗೊಂದು, ಗುಡ್ಡಕ್ಕೊಂದು ಮನೆ. ‘ದೈವಸ್ಥಾನದ ಎದುರಿನ ಗದ್ದೆ ದಾಟಿ, ಸಂಕ ಕಳೆದು’ ಎಂಬುದೇ ವಿಳಾಸ. ಸಂಕದ ಈಚೆ ವಾಹನ ನಿಂತುಬಿಡುತ್ತದೆ, ಮುಂದೆ ಸ್ಟ್ರೆಚರ್ ಹೊತ್ತು ಗದ್ದೆಯ ಬದುವಿನ ಮೇಲೆ ನಡಿಗೆ. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ ‘ಇಲ್ಲ್ ಒಲ್ಪ ಅಮ್ಮಾ?’ (ಮನೆ ಎಲ್ಲಿ?) ಎಂದು ತುಳುವಿನಲ್ಲಿ ಕೇಳುವುದು, ಹುಲ್ಲು ಹೊತ್ತ ಹೆಂಗಸು ಕತ್ತು ಅಲುಗಿಸಲಾಗದೆ ಕಣ್ಣಲ್ಲೇ ದಿಕ್ಕು ತೋರುವುದು, ಇಡೀ ವಿಡಿಯೊದಲ್ಲಿ ನನಗೆ ತುಂಬ ಇಷ್ಟವಾದ ಆರು ಸೆಕೆಂಡು ಅದು. ಮನೆ ಬಂದ ಮೇಲೆ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಅಂಗಳದಲ್ಲೇ ನಿಂತರು. ಸ್ಟ್ರೆಚರಿನಲ್ಲಿ ಮಲಗಿದವರ ಮುಖ ಚಿತ್ರಿಸಲು ಯಾರಿಗೂ ಹಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಪಘಾತವಾದಲ್ಲಿ ಮೊದಲು ಮೊಬೈಲು ಎತ್ತುವ ನಮಗೆಲ್ಲ ಅವರು ಮಾಡಿದ್ದು ಗೊತ್ತಾಗಬೇಕು.

ಕಾಪುವಿನಲ್ಲಿ ಸಂಜೆ. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ಕೆಳಗೆ ಜೀವರಕ್ಷಕನ ಸೀಟಿ. ಬಂಡೆಯ ಪಕ್ಕ ನೀರು ಶಾಂತವಾಗಿ ಕಂಡರೆ ಅಲ್ಲೇ ಸೆಳೆತ ಜಾಸ್ತಿ ಎಂದ ಆತ, ಕಡಲಿನ ಮೇಲಿಂದ ಕಣ್ಣು ಕೀಳಲೇ ಇಲ್ಲ. ಸಂದರ್ಶನ ಕೊಟ್ಟದ್ದು ಪೂರ್ತಿ ಬೆನ್ನು ತಿರುಗಿಸಿಯೇ.

ಇಷ್ಟಾದರೂ ಗಂಟೆ ಹೊಡೆದದ್ದನ್ನು ಅವರು ಕಂಡಿರಲಿಲ್ಲ. ಅದು ಕೇಳಿದ್ದು ಕಾರ್ಕಳದ ಠಾಣೆಯಲ್ಲಿ, ಮಬ್ಬುಗತ್ತಲಾಗುವ ಹೊತ್ತಿಗೆ. ತೋಟದ ಬಾವಿಗೆ ದನ ಬಿದ್ದಿದೆ, ಗಬ್ಬದ ದನ. ಕಟ್ಟೆಯಿಲ್ಲದ ಹಳೆಯ ಬಾವಿ, ಬಾಯಿ ತುಂಬ ಹುಲ್ಲು ಬೆಳೆದಿತ್ತು. ಕೆಂಪುಕಲ್ಲಿನ ಗೋಡೆಗೆ ಕೊಂಬು ಉಜ್ಜುವ ಸದ್ದು, ಬುಸುಬುಸು ಉಸಿರು, ಕಾಣುವುದು ಮಾತ್ರ ಏನೂ ಇಲ್ಲ. ಹುಡುಗನೊಬ್ಬ ಓಡಿಬಂದು ಕ್ಯಾಮೆರಾದ ಲೈಟು ಹಾಕಿ ಸಿಬ್ಬಂದಿಯ ಮುಖಕ್ಕೆ ಹಿಡಿದ.

‘ನಮ್ಮ ಮುಖಕ್ಕೆ ಎಂತಕ್ಕೆ ಮಾರಾಯ್ರೆ, ಲೈಟು ಬಾವಿಗೆ ಹಿಡಿಯಿರಿ!’

ಹಿಡಿದ. ಮುಂದಿನ ಮುಕ್ಕಾಲು ಗಂಟೆ ಆ ಕೈ ಅಲುಗಲಿಲ್ಲ. ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಬೇಸಿಗೆಯಲ್ಲಿ ಕೆಸರು ತೆಗೆಯುವ ಆಳದ ಬಾವಿಯಾದರೆ ಮೊದಲು ಗಾಳಿಯನ್ನು ಅನುಮಾನಿಸಬೇಕು, ಹಸಿ ಸೊಪ್ಪಿನ ಗೆಲ್ಲು ಇಳಿಬಿಟ್ಟು ಆಡಿಸುವುದು ನಮ್ಮ ಹಳಬರ ಕ್ರಮ. ಇಲ್ಲಿ ನೀರು ಮೇಲೆಯೇ ಇತ್ತು. ಹಗ್ಗ ಕಟ್ಟಿ ಎಳೆದರೆ ಹೊಟ್ಟೆ ಕೊಯ್ಯುತ್ತದೆ ಎಂದು ಬೆಂಕಿ ಆರಿಸುವ ಕ್ಯಾನ್ವಾಸ್ ಪೈಪನ್ನೇ ಮಡಚಿ, ಅಗಲ ಪಟ್ಟಿಯಂತೆ ದನದ ಹೊಟ್ಟೆಯಡಿ ತೂರಿಸಿದರು. ನೆರೆಕರೆಯವರೆಲ್ಲ ಹಗ್ಗಕ್ಕೆ ಕೈಹಾಕಿದರು. ಒಮ್ಮೆ ಜಾರಿತು, ಇನ್ನೊಮ್ಮೆ ಎಳೆದರು. ಗೊರಸು ದಂಡೆಗೆ ತಾಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರಿಗೂ ಏದುಸಿರು.

ಆಮೇಲೆ ರೆಕಾರ್ಡಾದದ್ದನ್ನು ನೋಡಿದೆವು. ಲೈಟು ಹಿಡಿದವನ ಕ್ಯಾಮೆರಾ ಓಡುತ್ತಲೇ ಇತ್ತು. ಚಿತ್ರದಲ್ಲಿ ಕೆಂಪು ಗೋಡೆಯ ಪಾಚಿ, ನಡುಗುವ ಒಂದು ಹಗ್ಗ, ಆಗಾಗ ಖಾಕಿ ತೋಳು. ಉಳಿದದ್ದೆಲ್ಲ ಸದ್ದು. ಅದನ್ನು ಕತ್ತರಿಸದೆ ಎರಡು ನಿಮಿಷ ಹಾಗೆಯೇ ಇಟ್ಟಿದ್ದಾರೆ. ಕೊನೆಯಲ್ಲಿ ಆ ಮನೆಯ ಅಮ್ಮನ ದನಿ ಕೇಳುತ್ತದೆ, ಸಿಬ್ಬಂದಿಗೂ ಮಕ್ಕಳಿಗೂ ಒಟ್ಟಿಗೇ: ‘ಬೆಲ್ಲ ನೀರು ಕುಡಿದೇ ಹೋಗಬೇಕು, ಆಯ್ತಾ?’