ಅಮೆರಿಕದಲ್ಲಿ ಓದೋ ಮಕ್ಕಳಿಗೆ ಲೈಬ್ರರಿ ಕಡೆಯಿಂದ ಬಹುಮಾನ: ಯಾರಿಗೆ ಸಿಗುತ್ತೆ, ಅರ್ಜಿಗೆ ಏನೇನು ಬೇಕು?

ಅಂಗಡಿ, ತೋಟ ನಂಬಿಕೊಂಡು, ಬ್ಯಾಂಕ್ ಸಾಲ ಮಾಡಿ ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ ಮನೆಗಳು ಈಗ ತಾಲೂಕು ಕೇಂದ್ರಗಳಲ್ಲೂ ಇವೆ. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳ ಲೈಬ್ರರಿಗಳು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಸಂಶೋಧನಾ ಬಹುಮಾನ ಕೊಡುತ್ತವೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಚಾರ್ಲೀನ್ ಕಾನ್ರಾಡ್ ಲೀಬಾವ್ ಲೈಬ್ರರಿ ಪ್ರೈಜ್’ ಅಂಥದ್ದೊಂದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಇಂಥ ಬಹುಮಾನ ಇದೆ.

ಮೊದಲೇ ಗಮನಿಸಿ

ಇದು ಸೀಟು ಕೊಡಿಸುವ ಸ್ಕಾಲರ್‌ಶಿಪ್ ಅಲ್ಲ. ಆ ವಿಶ್ವವಿದ್ಯಾಲಯಕ್ಕೆ ಆಗಲೇ ಸೇರಿ ಓದುತ್ತಿರುವವರಿಗೆ ಮಾತ್ರ. ‘ಈ ಬಹುಮಾನ ಕೊಡಿಸ್ತೀವಿ, ಫೀಸು ಕಟ್ಟಿ’ ಅಂತ ಇಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅರ್ಜಿಯನ್ನು ವಿದ್ಯಾರ್ಥಿಯೇ ತನ್ನ ಲೈಬ್ರರಿಗೆ ಕೊಡಬೇಕು, ಮಧ್ಯವರ್ತಿಗೆ ಇಲ್ಲಿ ಕೆಲಸವೇ ಇಲ್ಲ.

ಬರ್ಕ್ಲಿ, ಸಿಯಾಟಲ್‌ನ ಬಹುಮಾನಗಳು ಪದವಿ ಓದುವವರಿಗೆ. ಎಂ.ಎಸ್. ಮಾಡಲು ಹೋದವರು ತಮ್ಮ ಲೈಬ್ರರಿಯಲ್ಲಿ ಸ್ನಾತಕೋತ್ತರದವರಿಗೂ ಅವಕಾಶ ಇದೆಯಾ ಅಂತ ಕೇಳಿಕೊಳ್ಳಬೇಕು.

ಏನೇನು ಕೊಡಬೇಕು?

* ತರಗತಿಗಾಗಿ ಆಗಲೇ ಬರೆದ ಸಂಶೋಧನಾ ಪ್ರಬಂಧ ಅಥವಾ ಪ್ರಾಜೆಕ್ಟ್
* ಬಳಸಿದ ಪುಸ್ತಕ, ಲೇಖನ, ದಾಖಲೆಗಳ ಪಟ್ಟಿ
* ಪಾಠ ಮಾಡಿದ ಅಧ್ಯಾಪಕರ ಬೆಂಬಲ ಪತ್ರ
* ಸಂಶೋಧನೆ ಹೇಗೆ ಮಾಡಿದೆ ಅಂತ ವಿವರಿಸುವ ಒಂದು ಚಿಕ್ಕ ಬರಹ

ಗೆಲ್ಲೋದು, ಸೋಲೋದು ಹೆಚ್ಚಾಗಿ ಈ ಕೊನೆಯ ಬರಹದಲ್ಲೇ. ಪ್ರಬಂಧಕ್ಕೆ ಒಳ್ಳೆ ಅಂಕ ಬಂದಿದ್ದರೆ ಸಾಲದು. ಮಾಹಿತಿಯನ್ನು ಹೇಗೆ ಹುಡುಕಿದಿರಿ, ಯಾವುದನ್ನು ನಂಬಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನೋದನ್ನು ತೀರ್ಪುಗಾರರು ನೋಡುತ್ತಾರೆ.

ಅಡಿಕೆ ವ್ಯಾಪಾರದ ಇತಿಹಾಸದ ಮೇಲೆ ಒಬ್ಬಳು ಪ್ರಬಂಧ ಬರೆದಿದ್ದಾಳೆ ಅಂದುಕೊಳ್ಳಿ. ‘ಲೈಬ್ರರಿಯಲ್ಲಿ ಬಹಳ ಪುಸ್ತಕ ಓದಿದೆ, ತುಂಬಾ ಉಪಯೋಗ ಆಯ್ತು’ ಅಂತ ಬರೆದರೆ ಯಾರೂ ಒಪ್ಪಲ್ಲ. ‘ಮೊದಲು ಬರೀ ಅಡಿಕೆ ಅಂತ ಹುಡುಕಿದಾಗ ಸಿಕ್ಕಿದ್ದೆಲ್ಲ ಆರೋಗ್ಯದ ಲೇಖನಗಳು. ಗ್ರಂಥಪಾಲಕರನ್ನು ಕೇಳಿ ಊರು, ಕಾಲ ಸೇರಿಸಿ ಹುಡುಕಿದೆ. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ಸಿಕ್ಕಿತು. ಅದು ಸರ್ಕಾರದ ಕಣ್ಣಲ್ಲಿ ಬರೆದದ್ದು, ಅದಕ್ಕೇ ಬೆಳೆಗಾರರ ಮಾತಿಗೆ ಕನ್ನಡ ಪುಸ್ತಕಗಳನ್ನೂ ನೋಡಿದೆ’ ಅಂತ ಬರೆದರೆ ಕೆಲಸ ಮಾಡಿದ್ದು ಗೊತ್ತಾಗುತ್ತೆ.

ಕನ್ನಡ ಪುಸ್ತಕ ಅಲ್ಲೆಲ್ಲಿ ಅಂತ ಕೇಳಬಹುದು. ಭಾರತಕ್ಕೆ ಪಿ.ಎಲ್.-480 ಯೋಜನೆಯಡಿ ಅಮೆರಿಕದ ಗೋಧಿ ಬರುತ್ತಿದ್ದ ಕಾಲದಲ್ಲಿ ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲಿ ಕೊಡುತ್ತಿತ್ತು. ಆ ದುಡ್ಡಿನ ಒಂದು ಪಾಲಿನಿಂದ 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸಿದರು. ಬರ್ಕ್ಲಿ, ಷಿಕಾಗೋದಂಥ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕ ಸೇರಿದ್ದು ಹೀಗೆ. ಕನ್ನಡ ಓದಲು ಬರುವ ಮಕ್ಕಳಿಗೆ ಇದು ಬೇರೆಯವರಿಗಿಲ್ಲದ ಅನುಕೂಲ.

ದುಡ್ಡೆಷ್ಟು?

ಮೊತ್ತ ಒಂದೊಂದು ಕಡೆ ಒಂದೊಂದು. ಸಾಮಾನ್ಯವಾಗಿ ಕೆಲವು ನೂರು ಡಾಲರ್‌ನಿಂದ ಸಾವಿರ ಡಾಲರ್ ಆಸುಪಾಸು. ವಿದೇಶಿ ವಿದ್ಯಾರ್ಥಿಗಳಿಗೆ ಇದರಲ್ಲಿ ತೆರಿಗೆ ಕಡಿತ ಆಗಬಹುದು. ಇದರಿಂದ ಸಾಲ ತೀರಲ್ಲ. ಆದರೆ ಮುಂದೆ ಕೆಲಸಕ್ಕೋ ಪಿಎಚ್‌ಡಿಗೋ ಅರ್ಜಿ ಹಾಕುವಾಗ ಹೇಳಿಕೊಳ್ಳಬಹುದಾದ ಹೆಸರು ಸಿಗುತ್ತೆ.

ಇಲ್ಲೇ ಓದುವವರಿಗೆ

ನಮ್ಮ ಡಿಗ್ರಿ ಕಾಲೇಜಿನ ಮಕ್ಕಳೂ ಇದೇ ರೀತಿ ಹುಡುಕಿ ಪ್ರಾಜೆಕ್ಟ್ ಬರೆಯಬಹುದು. ದೇಶದ ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ಐಐಟಿ ಖರಗ್‌ಪುರ ನಡೆಸುವ ‘ನ್ಯಾಷನಲ್ ಡಿಜಿಟಲ್ ಲೈಬ್ರರಿ’ಗೂ ದುಡ್ಡಿಲ್ಲ. ಹುಡುಕಿದ ಪದ, ಸಿಕ್ಕ ಪುಸ್ತಕ, ತಾರೀಖು ಇಷ್ಟನ್ನು ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಅರ್ಜಿ ಹಾಕೋ ಹೊತ್ತಿಗೆ ಅದನ್ನೆಲ್ಲ ನೆನಪು ಮಾಡಿಕೊಳ್ಳೋದು ಕಷ್ಟ.