ಇಂದ್ರಲುಪ್ತ: ಗಡ್ಡ, ತಲೆಗಳಲ್ಲಿ ದುಂಡನೆಯ ಬೋಳು

ಗಡ್ಡದಲ್ಲಿಯೋ ತಲೆಯಲ್ಲಿಯೋ ನಾಣ್ಯದಗಲ ಕೂದಲು ಹಠಾತ್ತನೆ ಉದುರಿದರೆ ‘ಹುಳು ತಿಂದಿದೆ’ ಎನ್ನುವುದು ರೂಢಿ. ಆಯುರ್ವೇದವು ಇದನ್ನು ಇಂದ್ರಲುಪ್ತವೆಂದು ಕರೆಯುತ್ತದೆ. ಇಲ್ಲಿ ಯಾವ ಹುಳುವೂ ಇಲ್ಲ; ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡವನ್ನು ಬಾಧಿಸುತ್ತದೆ. ಇದು ಅಂಟುರೋಗವಲ್ಲ. ಬುಡವು ನಾಶವಾಗದಿರುವುದರಿಂದ, ಬೋಳು ಚಿಕ್ಕದಾಗಿದ್ದರೆ ಹಲವರಲ್ಲಿ ಒಂದು ವರ್ಷದೊಳಗೆ ಕೂದಲು ತಾನಾಗಿಯೇ ಮರಳುತ್ತದೆ. ಆದರೆ ಹಸಿ ಬೆಳ್ಳುಳ್ಳಿ, ಗೇರುಬೀಜದ ಎಣ್ಣೆಗಳನ್ನು ಉಜ್ಜಿ ಚರ್ಮ ಸುಟ್ಟುಕೊಂಡರೆ, ಆಳವಾದ ಗಾಯದ ಕಲೆಯ ಮೇಲೆ ಕೂದಲು ಮತ್ತೆ ಹುಟ್ಟದು. ಶಾಸ್ತ್ರೋಕ್ತವಾದ ಗುಲಗಂಜಿಯ ಲೇಪವೂ ವಿಷದ್ರವ್ಯವೇ. ಅದು ವೈದ್ಯರ ಕೈಯಲ್ಲಿಯೇ ಇರಲಿ.

ಬೋಳಾದೆಡೆ ಹೊಟ್ಟು, ನವೆ, ಮುರಿದ ಕೂದಲು ಕಂಡರೆ ಅದು ಹುಳುಕಡ್ಡಿಯಿರಬಹುದು. ಅದು ಹರಡುವಂಥದು, ಅದರ ಔಷಧವೂ ಬೇರೆ. ಹಣಿಗೆ, ವಸ್ತ್ರ, ಕ್ಷೌರದ ಬ್ಲೇಡುಗಳನ್ನು ಪ್ರತ್ಯೇಕವಾಗಿರಿಸಿ, ತಡಮಾಡದೆ ವೈದ್ಯರನ್ನು ಕಾಣಬೇಕು. ಮೊದಲು ನಿದಾನ, ಅನಂತರವೇ ಲೇಪನ.